ವಾಚ್ ಕಟ್ಟುವ ಕೈ

"ಇನ್ನೊಂದು ಸಲ ನನ್ನ ಕಣ್ಣಿಗೆ ಬಿದ್ರೆ, ನೀನು ಯಾರು ಅಂತಲೇ ಗೊತ್ತಿಲ್ಲ ಅಂತೀನಿ. ಇದು ನನ್ನ ಮಾತು."

ವರ್ಷಗಳ ಹಿಂದೆ ಫೋನಿನಲ್ಲಿ ಹೀಗೆಂದು ಅವಳು ಅವನ ನಂಬರ್ ಬ್ಲಾಕ್ ಮಾಡಿದ್ದಳು. ಮದುವೆ ನೋಂದಣಿ ಕಚೇರಿಯ ಎಡಗಡೆ ಬಾಗಿಲಲ್ಲಿ ಅವಳನ್ನು ಸಂಜೆಯವರೆಗೆ ಕಾಯಿಸಿ, ಫೋನೂ ಆಫ್ ಮಾಡಿಕೊಂಡಿದ್ದವನು, ಆಮೇಲೆ "ನಾನೂ ಎಡಗಡೆ ಬಾಗಿಲಲ್ಲೇ ಇದ್ದೆ, ಬ್ಯಾಟರಿ ಹೋಗಿತ್ತು ಕಣೇ" ಎಂದು ಸುಳ್ಳು ಬೇರೆ ಹೇಳಿದ್ದ.

ಇವತ್ತು ಅವನೇ ಅವಳ ಪರದೆಯ ಮೇಲಿದ್ದ.

ಕ್ರಿಪ್ಟೊ ಎಂಬ ಡಿಜಿಟಲ್ ಹಣದ ಕಂಪನಿಗಳ ಪರವಾಗಿ ಕಪ್ಪುಹಣದ ಜಾಡು ಹಿಡಿಯುವ ಗುತ್ತಿಗೆ ಕಚೇರಿಯಲ್ಲಿ ಅವಳಿಗೆ ಕೆಲಸ. ಅನುಮಾನ ಬಂದ ಖಾತೆಯವರನ್ನು ವಿಡಿಯೋದಲ್ಲಿ ವಿಚಾರಿಸಬೇಕು. ಕರೆಗೆ ಮುಂಚೆ ಕಂಪ್ಯೂಟರ್ ಕೇಳುತ್ತದೆ: ಈ ಗ್ರಾಹಕರು ನಿಮಗೆ ಪರಿಚಿತರೇ? ಹೌದೆಂದರೆ ಕೇಸು ಬೇರೆಯವರಿಗೆ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಕೆಲಸಕ್ಕೇ ಕುತ್ತು.

ಅವನ ಫೋಟೋ ನೋಡಿಯೂ ಅವಳು 'ಇಲ್ಲ' ಒತ್ತಿದ್ದಳು.

'ಸಿಕ್ಕಿಬಿದ್ದೆಯಲ್ಲ ಮಗನೇ... "ಅನುಮಾನಾಸ್ಪದ" ಅಂತ ಬರೆದರೆ ಸಾಕು, ನಿನ್ನ ಖಾತೆಗೆ ಬೀಗ. ಇನ್ನು ನೀನು ಕಾಯಿ.'

ತನ್ನ ಕ್ಯಾಮೆರಾ ಆಫ್ ಮಾಡಿ, ದನಿ ಬದಲಿಸಿ ಕೇಳಿದಳು. "ಈ ಹಣ ಎಲ್ಲಿಂದ ಬಂತು?"

"ವಿಡಿಯೋ ಗೇಮ್‌ಗಳಿಗೆ ಚಿತ್ರ ಬರೀತೀನಿ ಮೇಡಂ. ಅವರು ಕ್ರಿಪ್ಟೊದಲ್ಲೇ ಕೊಡ್ತಾರೆ."

"ಎಲ್ಲರೂ ಹೀಗೇ ಹೇಳ್ತಾರೆ. ಗುರುತು ಪರೀಕ್ಷೆಗೆ ಮುಖ ಎಡಕ್ಕೆ ತಿರುಗಿಸಿ."

ಅವನು ಬಲಕ್ಕೆ ತಿರುಗಿದ.

"ಎಡಕ್ಕೆ ಅಂದೆ."

ಇನ್ನಷ್ಟು ಬಲಕ್ಕೆ ತಿರುಗಿದ. "ಮೇಡಂ, ಇನ್ನೂ ತಿರುಗಿದ್ರೆ ಕತ್ತು ಕಿತ್ತು ಕೈಗೆ ಬರುತ್ತೆ."

"ಅಯ್ಯೋ ಪೆದ್ದಪ್ಪ, ವಾಚ್ ಕಟ್ಟೋ ಕೈ ಕಡೆ!"

ಬಾಯಿ ತಪ್ಪಿ ಬಂದುಬಿಟ್ಟಿತು.

ಬೈಕಿನ ಹಿಂದೆ ಕೂತು ಅವಳು ದಾರಿ ಹೇಳುತ್ತಿದ್ದುದೇ ಹಾಗೆ. ಎಡ ಬಲ ಅವನ ತಲೆಗೆ ಎಂದೂ ಹತ್ತಿದ್ದಿಲ್ಲ. ಆ ಒಂದು ದಿನ ಮಾತ್ರ, ಅವಸರದಲ್ಲಿ, ಬರೀ 'ಎಡಗಡೆ ಬಾಗಿಲು' ಎಂದಿದ್ದಳು...



"ನೀನಾ?" ಅವನು ಪರದೆಯತ್ತ ಬಾಗಿದ.

"ಅವತ್ತು ಯಾವ ಬಾಗಿಲಲ್ಲಿ ನಿಂತಿದ್ದೆ? ಆ ಕಡೆ ಕೈ ಎತ್ತು."

ಎದ್ದದ್ದು ವಾಚಿಲ್ಲದ ಕೈ.

"ಕತ್ತಲಾಗೋವರೆಗೂ ಇದ್ದೆ ಕಣೇ. ಕೈಕೊಟ್ಟವಳು ನೀನೇ ಅಂತ ಇಷ್ಟು ವರ್ಷ ಹಲ್ಲು ಮಸೀತಿದ್ದೆ."

"ನಾನೂ ಅದೇ ಕೆಲಸದಲ್ಲಿದ್ದೆ." ಅವಳು ಕ್ಯಾಮೆರಾ ಆನ್ ಮಾಡಿದಳು. ಕಣ್ಣು ಒರೆಸಿಕೊಳ್ಳಲಿಲ್ಲ.

"ನನ್ನ ಖಾತೆ?"

"ಅದನ್ನ ಇನ್ನು ಬೇರೆಯವರು ನೋಡ್ತಾರೆ. ನೀನು ಸಂಜೆ ನಮ್ಮ ಆಫೀಸಿಗೆ ಬಾ."

"ಯಾವ ಬಾಗಿಲು?"

"ಇರೋದೇ ಒಂದು, ಪೆದ್ದಪ್ಪ."

ಅವಳು ಎದ್ದು ಮೇಲ್ವಿಚಾರಕರ ಮೇಜಿನ ಮುಂದೆ ನಿಂತಳು.

"ಸರ್, ತಪ್ಪು ಉತ್ತರ ಕೊಟ್ಟಿದ್ದೆ. ಅವನು ನನಗೆ ಗೊತ್ತು."

ಗೊತ್ತಿಲ್ಲ ಎನ್ನುತ್ತೇನೆಂದು ಅವಳು ಕೊಟ್ಟಿದ್ದ ಮಾತು ಮುರಿಯಿತು.