ಅಂಗಳದಲ್ಲಿ ಓಡಿದ ಎಂಜಿನ್

ನೆಂಟರೆಲ್ಲ ಹೋದ ಮೊದಲ ಬೆಳಿಗ್ಗೆಯೇ ಸತ್ತ ಗಂಡನ ಕಾರು ಮಾರಲು ಹೊರಟಿದ್ದೆ. ಎಂಜಿನ್ ತಡೆತಡೆದು ನಡುಗುತ್ತಾ ಮಿಸ್ಸಿಂಗ್ ಹೊಡೆಯುತ್ತಿದ್ದುದರಿಂದ ಕೊಟ್ಟೂರಿನ ಮೆಕ್ಯಾನಿಕ್ ಹುಲುಗೇಶನನ್ನು ಕರೆಸಿದೆ.

"ಕಿಡಿ ಕೊಡೋ ಮೂರು ಇಗ್ನಿಷನ್ ಕಾಯಿಲಿನಾಗ ಒಂದು ಹೋಗೈತ್ರಿ ಅಕ್ಕಾರ. ಚಲೋ ಕಾಯಿಲಿನ ವೈರ್ ಕಿತ್ರ ಎಂಜಿನ್ ಇನ್ನಷ್ಟು ನಡುಗತೈತಿ. ಕೆಟ್ಟಿದ್ದು ಕಿತ್ರ ಏನೂ ಆಗಂಗಿಲ್ಲ. ಮೂರೂ ಕಿತ್ರ ಎಂಜಿನ್ನ ನಿಂತ ಬಿಡತೈತಿ."

ಎಂಜಿನ್ ಚಾಲೂ ಇಟ್ಟು ಒಂದೊಂದೇ ವೈರ್ ಕಿತ್ತ. ಮೂರೂ ಕಿತ್ತ ಮೇಲೆ ಎಂಜಿನ್ ನುಣ್ಣಗೆ ಓಡತೊಡಗಿತು.

"ಬಂದ್ ಮಾಡ್ರಿ!" ಎಂದು ಕಿರುಚಿದೆ. ಅವನು ಕಿಟಕಿಯಿಂದ ಕೈಹಾಕಿ ಕೀಲಿ ತಿರುಗಿಸಿದ.

ತಮ್ಮ ಮಗ ಮನೆಗೆ ಬಂದಾಗಲೆಲ್ಲ ಕೊಡುತ್ತಿದ್ದ ನೀರಿನ ತಂಬಿಗೆ ಹಿಡಿದು ಅತ್ತೆ ಹೊಸ್ತಿಲಲ್ಲಿ ನಿಂತಿದ್ದರು. "ಯಾಕ ಬಂದ್ ಮಾಡಿಸಿದಿ? ಅವ ಇನ್ನಾ ಇಳಿದಿಲ್ಲ."

ನಾಚಿಕೆಯಿಂದ ತಲೆ ತಗ್ಗಿಸಿದೆ.

"ಅಣ್ಣಾರು ಇದ್ದಾಗ ನನ್ನ ನಟ್ಟು ಬಿಚ್ಚೋ ಪಾನಾ ಒಯ್ದಿದ್ರು. ಕೊಟ್ಬಿಡ್ರಿ, ಹೋಗ್ತೀನಿ" ಎಂದ ಹುಲುಗೇಶ್.

ಪಾನಾ ಚಾಲಕನ ಸೀಟಿನ ಮೇಲಿತ್ತು. ಅತ್ತೆಯ ಕಡೆ ನೋಡದೆ ಅವನ ಕೈಗೆ ಕೊಟ್ಟೆ. ಬೇವಿನ ನೆರಳಲ್ಲಿ ನಿಂತಿದ್ದ ಕಾರಿನಲ್ಲಿ ಆ ಪಾನಾದ ಹಿಡಿ ಮಾತ್ರ ಅಂಗೈಯಷ್ಟು ಬೆಚ್ಚಗಿತ್ತು.