ನಾಲ್ಕು ತಿಂಗಳ ಬಾಡಿಗೆ

"ಬಾಡಿಗಿ ಕೇಳಾಕ ಬಂದೀರೇನ್ರಿ, ಸಾವಕ್ಕಾರ?"

ಬಾಗಿಲು ತೆರೆದ ನೀಲಪ್ಪನ ದನಿಯಲ್ಲಿ ಸಿಟ್ಟಿತ್ತು. ಸಾವಕ್ಕ ಒಂದು ಹೆಜ್ಜೆ ಹಿಂದೆ ಸರಿದಳು. ಹುಬ್ಬಳ್ಳಿಯ ಅವಳ ಮನೆಯ ಹಿಂಭಾಗದಲ್ಲಿ ೧೯೩೧ರಿಂದ ಬಾಡಿಗೆಗಿದ್ದವನು, ಗೆಳತಿ ಬೀರವ್ವನ ಅಣ್ಣ... ಈ ಮೂರು ವರ್ಷದಲ್ಲಿ ಒಮ್ಮೆಯೂ ಹೀಗೆ ಮಾತಾಡಿದವನಲ್ಲ!

"ಹೌದ್ರಿ. ನಾಲ್ಕು ತಿಂಗಳಾತು."

"ಅದಕ್ಕ ಹತ್ತಿ ದಲಾಲರಿಗ ಮನಿ ತೋರ್ಸೀರಿ! ಒಂದು ಮಾತು ಹೇಳಿದ್ರ ನಾವೇ ಬಿಟ್ಟು ಹೋಗ್ತಿದ್ವಿ."

ಮನೆಯನ್ನು ಬಾಡಿಗೆಗೆ ಕೊಡಲೆಂದು ದಲಾಲನನ್ನು ಕರೆಸಿದ್ದು ಅವಳಲ್ಲ, ಪಾರ್ಶ್ವವಾಯು ಹೊಡೆದು ಮಲಗಿದ್ದ ಅಪ್ಪ ಮುರುಗೆಪ್ಪ. ಅವನ ಔಷಧ, ಮನೆಯ ಕಾಳುಕಡಿ ಎಲ್ಲ ಆ ಬಾಡಿಗೆಯಲ್ಲೇ ನಡೆಯಬೇಕಿತ್ತು. ಬಾಯಿ ಬಿಟ್ಟು ಕೇಳಲಾರದೆ ಸಾವಕ್ಕ ತನ್ನ ಬಳೆ ಒತ್ತೆ ಇಟ್ಟಿದ್ದಳು. ಕೇಳಿದರೆ ಗೆಳೆತನ ಹೋದೀತು... ಕೇಳದಿದ್ದರೆ ಮನೆ ನಡೆಯದು!

ಬೀರವ್ವ ಅಳುತ್ತ ಹೊರಬಂದಳು. "ಛಾಪಖಾನಿಯವ್ರು ಅಣ್ಣಗ ಐದು ತಿಂಗಳಿಂದ ಪಗಾರ ಕೊಟ್ಟಿಲ್ಲ. ನಿನಗ ಹೇಳಬ್ಯಾಡ ಅಂದಿದ್ದ."

"ಇಡೀ ಊರ ಮುಂದ ಸಾಲಗಾರ ಆದ್ರೂ ನಡೀತಿತ್ತು," ನೀಲಪ್ಪ ತಲೆ ತಗ್ಗಿಸಿದ. "ನಿಮ್ಮ ಮುಂದ ಮಾತ್ರ ಬ್ಯಾಡ ಅನ್ನಿಸಿತ್ರಿ."

ನನ್ನ ಮುಂದೆ ಮಾತ್ರ... ಹಾಗೆಂದರೆ? ಸಾವಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಬಾಕಿ ನಾ ಬಿಡೂದಿಲ್ರಿ. ನಿಮ್ಮನ್ನ ಹೊರಗ ಹಾಕೂದೂ ಇಲ್ಲ. ನಡೀರಿ, ನಿಮ್ಮ ಮಾಲಕರ ಹತ್ರ ಹೋಗೂಣು!"

ಅಚ್ಚುಕೂಟದ ಮಾಲಕ ದುಡ್ಡಿಲ್ಲವೆಂದು ಕೈಚೆಲ್ಲಿದ. ಸಾವಕ್ಕ ಮೂಲೆಯಲ್ಲಿ ಧೂಳು ಹಿಡಿದಿದ್ದ, ಕಾಲಿನಿಂದ ತುಳಿಯುವ ಅಚ್ಚಿನ ಯಂತ್ರ ತೋರಿಸಿದಳು. "ಪಗಾರದ ಬದ್ಲಿ ಅದನ್ನ ಕೊಡ್ರಿ." ಒಂದು ತಾಸು ವಾದ ನಡೆಯಿತು. ಕೊನೆಗೆ ಮಾಲಕನೇ ಸೋತ! ಎರಡು ಪೆಟ್ಟಿಗೆ ಅಕ್ಷರದ ಮೊಳೆಯೂ ಸಿಕ್ಕಿತು.

ಅಪ್ಪನನ್ನು ಒಪ್ಪಿಸುವುದೇ ಕಷ್ಟವಾಯಿತು.

"ಮೂರು ತಿಂಗಳ ತಡೀಪಾ. ಬಾಕಿ ಬರಲಿಲ್ಲಂದ್ರ ನಾನೇ ಅವರ ಸಾಮಾನು ಹೊರಗ ಇಡ್ತೇನಿ," ಎಂದಳು ಸಾವಕ್ಕ.

ಹಿಂದಿನ ಪಡಸಾಲೆಯಲ್ಲಿ ಯಂತ್ರ ಸದ್ದು ಮಾಡತೊಡಗಿತು. ಲಗ್ನಪತ್ರಿಕೆ, ಅಂಗಡಿಯವರ ಪಾವತಿ ಪುಸ್ತಕ, ನಾಟಕದ ಜಾಹೀರಾತು... ಬೀರವ್ವ ಕಾಗದ ಮಡಚಿದಳು. ತಪ್ಪು ತಿದ್ದುವ ಕೆಲಸ ಸಾವಕ್ಕನ ಪಾಲಿಗೆ ಬಂತು. ಕಾಗದ ಕೊಡುವಾಗ ನೀಲಪ್ಪನ ಶಾಯಿ ಮೆತ್ತಿದ ಬೆರಳು ತಗುಲಿದರೆ ಅವಳು ಆ ಕಲೆಯನ್ನು ತೊಳೆಯದೆ ಬಿಡುತ್ತಿದ್ದಳು.

ಮೂರನೆಯ ತಿಂಗಳ ಕೊನೆಗೆ ನೀಲಪ್ಪ ಪೂರ್ತಿ ಬಾಕಿಯನ್ನು ಮುರುಗೆಪ್ಪನ ಹಾಸಿಗೆಯ ಮೇಲಿಟ್ಟ. ಜೊತೆಗೆ ಮನೆಯ ಕೀಲಿಕೈ!

"ಕೇಶ್ವಾಪುರದಾಗ ಬ್ಯಾರೆ ಮನಿ ಹಿಡದೇನ್ರಿ. ಯಂತ್ರಕ್ಕೂ ಅಲ್ಲೇ ಜಾಗಾ ಐತಿ."

ಸಾವಕ್ಕನ ಕಣ್ಣು ತುಂಬಿತು. "ಬಾಕಿ ತೀರಿತು ಅಂದ್ರ ಸಂಬಂಧಾನೂ ತೀರಿತೇನ್ರಿ?"

"ಬಾಕಿ ಇದ್ದಾಗ ಕೇಳಿದ್ರ ಬಾಡಿಗಿ ತಪ್ಪಸಾಕ ಕೇಳಿದಂಗ ಆಕ್ಕಿತ್ತು. ಇವತ್ತು ನಾ ಯಾರಿಗೂ ಒಂದು ಪೈ ಕೊಡಬೇಕಾಗಿಲ್ಲ..." ನೀಲಪ್ಪ ಮುರುಗೆಪ್ಪನತ್ತ ತಿರುಗಿದ. "ಕಾಕಾ, ನಿಮ್ಮ ಮಗಳನ್ನ ನನಗ ಕೊಡ್ತೀರೇನ್ರಿ?"

ಮುರುಗೆಪ್ಪನ ಅರ್ಧ ಮುಖದಲ್ಲಷ್ಟೇ ನಗು ಮೂಡಿತು. ಅದೇ ಮನೆ ತುಂಬುವಷ್ಟಿತ್ತು! "ನನ್ನ ಯಾಕ ಕೇಳ್ತಿ? ಈ ಮನಿ ಯಜಮಾನಿ ಅಲ್ಲಿ ನಿಂತಾಳ ನೋಡು."

"ಬಾಕಿ ಇದ್ದಾಗ ಕೇಳಿದ್ರೂ ಹೂಂ ಅಂತಿದ್ದೆನ್ರಿ ನಾನು," ಸಾವಕ್ಕ ಮೆಲ್ಲನೆ ಅಂದಳು.

"ಮತ್ತ... ಈಗ?"

"ಈಗೂ ಹೂಂ. ಆದ್ರ ಲಗೂನ, ಈ ತಿಂಗಳದಾಗ ಮುಹೂರ್ತ ನೋಡ್ರಿ!"