ಇರುವೆ ಮುತ್ತಿದ ಉಸುಕು

ಕ್ಯಾಮೆರಾವನ್ನು ಬೋರಲು ಮಾಡಿದ ಕೂಡಲೇ ಅದರ ಹೊಟ್ಟೆಯಿಂದ ಎರಡು ಚಮಚೆಯಷ್ಟು ಉಸುಕು ಮೇಜಿನ ಮೇಲೆ ಸುರಿಯಿತು. ಶ್ವೇತಾ ಅಳಲಿಲ್ಲ. ಹಲ್ಲು ಕಚ್ಚಿಕೊಂಡು, "ಯಾರು ಮಾಡ್ಯಾರೋ ಅವರ ಕೈ ಸೇದಿ ಹೋಗ್ಲಿ!" ಎಂದಳು.

ಬಾಗಿಲಲ್ಲಿ ನಿಂತಿದ್ದ ಮೆಹರಾಜಳಿಗೂ ಮೈಯೆಲ್ಲ ಉರಿಯಿತು. ಕೊಪ್ಪಳದ ಛಾಯಾಗ್ರಾಹಕರ ಸಂಘಕ್ಕೆ ಹೊಂದಿಕೊಂಡೇ ಅವಳ ಝೆರಾಕ್ಸ್ ಅಂಗಡಿ. ಈ ಹುಡುಗಿ ಮದುವೆ, ಕುಬುಸ, ತೊಟ್ಟಿಲು ಅಂತ ಕುಷ್ಟಗಿಯಿಂದ ಗಂಗಾವತಿವರೆಗೆ ಬಸ್ಸಿನಲ್ಲಿ ಕ್ಯಾಮೆರಾ ಹೊತ್ತು ತಿರುಗಿದ್ದನ್ನು ಅವಳು ಹತ್ತು ವರ್ಷದಿಂದ ಕಂಡಿದ್ದಳು.

ಹೋದ ತಿಂಗಳು ಸಂಘದ ಮೂವರು ಜೈಸಲ್ಮೇರಿನ ಮರುಭೂಮಿಗೆ ಹೋಗಿ ಬಂದಿದ್ದರು: ಶ್ವೇತಾ, ಅವಳಿಗೆ ಫೋಟೊ ವಿದ್ಯೆ ಕಲಿಸಿದ ಸಿದ್ದೇಶ, ತಾವರಗೇರಾದ ದುರಗೇಶ. ಅಲ್ಲಿ ಬಿರುಗಾಳಿ ಎದ್ದಾಗ ಶ್ವೇತಾ ತೆಗೆದ ಚಿತ್ರ ನಿನ್ನೆ ಸಂಜೆಯಷ್ಟೇ ಪ್ರದರ್ಶನದ ಗೋಡೆ ಏರಿತ್ತು. ದಿಬ್ಬದ ನೆತ್ತಿಯಿಂದ ಉಸುಕು ಹೊಗೆಯಂತೆ ಹಾರುತ್ತಿದೆ. ತಾಡಪತ್ರಿ ಹೊದ್ದ ಒಬ್ಬ ಮನುಷ್ಯ ಬೆನ್ನು ತೋರಿಸಿ ಓಡುತ್ತಿದ್ದಾನೆ, ಕೈಯಲ್ಲಿ ಕಡಲೆಕಾಳಿನಷ್ಟು ಏನೋ ಜೋತಾಡುತ್ತಿದೆ. ಕೆಳಗಿನ ಚೀಟಿಯಲ್ಲಿ ಚಿತ್ರದ ಹೆಸರು "ಗುರು" ಎಂದಿತ್ತು. ಯಾವನೋ ಅಲ್ಲಿಯ ಸಾಧು ಇರಬೇಕೆಂದು ನೋಡಿದವರು ಅಂದುಕೊಂಡರು. ಮೊದಲ ಬಹುಮಾನ ಅದಕ್ಕೇ ಎಂಬ ಮಾತು ಎಲ್ಲರ ಬಾಯಲ್ಲೂ ಇತ್ತು.

ಆದರೆ ತೀರ್ಪುಗಾರರಿಗೆ ಕ್ಯಾಮೆರಾದಲ್ಲಿ ಮೂಲಚಿತ್ರ ತೋರಿಸಬೇಕೆಂಬುದು ಸ್ಪರ್ಧೆಯ ನಿಯಮ. ಅದಕ್ಕೆಂದೇ ಎಲ್ಲರೂ ತಮ್ಮ ಕ್ಯಾಮೆರಾಗಳನ್ನು ಹಿಂದಿನ ಸಂಜೆ ಸಂಘದ ಕಪಾಟಿನಲ್ಲಿ ಇಟ್ಟಿದ್ದರು. ಶ್ವೇತಾಳ ಮೂಲಚಿತ್ರ ಇದ್ದದ್ದು ಅವಳ ಕ್ಯಾಮೆರಾದೊಳಗಿನ ಕಾರ್ಡಿನಲ್ಲಿ ಮಾತ್ರ. ಈಗ ಕಾರ್ಡಿನ ಬಂಗಾರಬಣ್ಣದ ಹಲ್ಲುಗಳು ಸವೆದು, ಕಂಪ್ಯೂಟರಿಗೆ ಹಾಕಿದರೆ ಉಸಿರೇ ಇರಲಿಲ್ಲ.

"ಇದು ಮರುಭೂಮಿ ಉಸುಕು. ಅಲ್ಲೇ ಒಳಗ ಹೊಕ್ಕೈತಿ, ಅಲುಗಾಡಿ ಅಲುಗಾಡಿ ಕಾರ್ಡ್ ತಿಂದೈತಿ," ಎಂದರು ಸಂಘದ ಕಾರ್ಯದರ್ಶಿ ಗುರುಬಸವ.

"ನಿನ್ನಿ ಸಂಜಿಕ ಚಾಲೂ ಮಾಡಿ ನೋಡೇ ಇಟ್ಟೀನ್ರಿ!" ಎಂದಳು ಶ್ವೇತಾ.

ಸಿದ್ದೇಶ ಮೆಲ್ಲಗೆ ಮುಂದೆ ಬಂದ. ಹೋಟೆಲ್ ಚಾ ಮುಟ್ಟದ ಮನುಷ್ಯ ಅವನು. ಸಣ್ಣ ಒಲೆ, ಕೆಟಲಿ, ಚಾಪುಡಿ ಚೀಲದಲ್ಲಿ ಹಾಕಿಕೊಂಡೇ ತಿರುಗುತ್ತಿದ್ದ. ಮರುಭೂಮಿಯಲ್ಲೂ ಚಾ ಕಾಸಿ ಕುಡಿಸಿದ ಪುಣ್ಯಾತ್ಮ. ಎಲ್ಲರ ಕೈಗೂ ಲೋಟ ಕೊಟ್ಟು, "ಚಾ ಕುಡಿಯವ್ವ. ನಾ ನಿನ್ನ ನಂಬ್ತೀನಿ," ಎಂದ. "ಆದ್ರ ಮೂಲ ಇಲ್ಲಂದ್ರ ಮಂದಿ ನೆಟ್ಟಿನಿಂದ ಕದ್ದಾಳ ಅಂತಾರ. ಚಿತ್ರ ಹಿಂದಕ್ಕ ತಗೋ, ಮಾನ ಆದ್ರೂ ಉಳೀತೈತಿ."

ಅಬ್ಬಾ, ಎಂಥಾ ಕನಿಕರ! ಮೆಹರಾಜ ಒಂದು ಗುಟುಕು ಕುಡಿದಳು. ಬಾಯಿತುಂಬ ಚಾಪುಡಿ. ನಿನ್ನೆ ಸಂಜೆ ಇದೇ ಕೆಟಲಿಯ ಚಾ ಎಷ್ಟು ತಿಳಿಯಾಗಿತ್ತು ಎಂದುಕೊಂಡು ಅವಳು ಲೋಟ ಕೆಳಗಿಟ್ಟಳು.

"ಮೇಜು ಒರಸಬ್ಯಾಡ್ರಿ," ಎಂಬ ದನಿ ಕೇಳಿತು. ಕಸಬರಿಗೆ ಗೋಡೆಗೊರಗಿಸಿ ಉಡಚಮ್ಮ ಬಂದಳು. ಸಂಘದ ಕಸ ಹೊಡೆಯುವವಳು ಅವಳು. ಅದಕ್ಕೂ ಮೊದಲು ಮೂವತ್ತು ವರ್ಷ ಗೌಂಡಿಗಳ ಕೈಕೆಳಗೆ ಜರಡಿ ಹಿಡಿದು ಉಸುಕು ಸಾಣಿಸಿದವಳು. ಓಣಿಯಲ್ಲಿ ಕೋಳಿ ಕಳುವಾದರೂ ಪೊಲೀಸರಿಗಿಂತ ಮೊದಲು ಅವಳಿಗೇ ಸುದ್ದಿ ಹೋಗುತ್ತಿತ್ತು. ಅಂಥ ಕೆಲಸದಲ್ಲೆಲ್ಲ ಮೆಹರಾಜಳೇ ಅವಳ ಜೊತೆಗಾತಿ.

"ಮೆಹರಾಜ, ಇವೇನು ನೋಡು."

"ಇರುವಿ, ಉಡಚಕ್ಕಾ."

"ಉಸುಕಿನ್ಯಾಗ ಇರುವಿಗೇನು ಕೆಲಸ?"

ಉಡಚಮ್ಮ ಅಂಗೈ ತೋಯಿಸಿ ಆ ಉಸುಕು ಹಾಕಿ ತಿಕ್ಕಿದಳು. ಅಂಗೈಗೆ ಬೂದಿಬಣ್ಣದ ರಾಡಿ ಮೆತ್ತಿತು, ನಡುವೆ ಕಪ್ಪು ಕಪ್ಪು ಚೂರು. ಕೈ ತೊಳೆದು, ಶ್ವೇತಾಳ ಚೀಲದ ಹೊಲಿಗೆ ಸಂದಿಯಲ್ಲಿ ಉಳಿದಿದ್ದ ಮರುಭೂಮಿಯ ಉಸುಕನ್ನು ಹಾಗೆಯೇ ತಿಕ್ಕಿದಳು. ಅದು ಸಾಸಿವೆಯಂತೆ ಜಾರಿ ಹೋಯಿತು, ಕೈ ಸ್ವಚ್ಛ. ಆಮೇಲೆ ಅಂಗಳಕ್ಕೆ ಹೋಗಿ, ಕಂಪೌಂಡ್ ಕಟ್ಟಲು ಸುರಿದಿದ್ದ ಎಂ-ಸ್ಯಾಂಡ್ ಗುಡ್ಡೆಗೆ ಕೈ ಹಾಕಿ ಬಂದಳು.

"ಸಾಹೇಬ್ರ, ನಿನ್ನಿ ರಾತ್ರಿ ಇಲ್ಲಿ ಯಾರ್ಯಾರು ಇದ್ರಿ?"

"ನಾನು, ದುರಗೇಶ, ಸಿದ್ದೇಶ. ಉಳಿದ ಫೋಟೊ ತೂಗುಹಾಕಾಕ ಇದ್ವಿ," ಎಂದರು ಗುರುಬಸವ. "ಊಟಕ್ಕ, ಮೊಳಿ ತರಾಕ ಅಂತ ಸರದಿಮ್ಯಾಲ ಹೊರಗ ಹೋದ್ವಿ. ಮೂರೂ ಮಂದಿ ಅರ್ಧರ್ಧ ತಾಸು ಒಬ್ಬೊಬ್ಬರ ಇದ್ವಿ. ಕಪಾಟಿನ ಕೀಲಿ ಗ್ವಾಡಿ ಮೊಳಿಗೇ ಇತ್ತು."

ಎಲ್ಲರ ಕಣ್ಣೂ ದುರಗೇಶನ ಮೇಲೆ ಬಿತ್ತು. ಶ್ವೇತಾಳ ಚಿತ್ರ ಇಳಿದರೆ ಬಹುಮಾನ ಅವನದೇ. "ನನ್ನ್ಯಾಕ ನೋಡ್ತೀರಿ? ಗಾಳಿ ಎದ್ದಾಗ ನಾ ಜೀಪಿನ್ಯಾಗ ಕಣ್ಣು ಮುಚ್ಚಿ ವಾಂತಿ ಮಾಡ್ಕೊಂತಿದ್ದೆ. ಅಕಿ ಧೈರ್ಯ ನನಗಿಲ್ಲ, ಒಪ್ಕೊಂತೀನಿ. ಕಳ್ಳ ಮಾತ್ರ ಅಲ್ಲ!" ಎಂದು ಅವನು ಕೂಗಾಡಿದ.

ಉಡಚಮ್ಮ ಗೋಡೆಯ ಮೇಲಿನ ಶ್ವೇತಾಳ ಚಿತ್ರದತ್ತ ನೋಡಿದಳು. ಮೆಹರಾಜಳ ಕಿವಿಯಲ್ಲಿ, "ಓಡಾಕತ್ತಾನಲ್ಲ, ಅವನ ಕೈಯೊಂದ ದೊಡ್ಡದು ಮಾಡಿ ಕೊಡು," ಎಂದಳು. ಮೆಹರಾಜ ಚಿತ್ರದ ಸಣ್ಣ ಪ್ರತಿ ಒಯ್ದು ಮಷೀನಿನಲ್ಲಿ ಹಿಗ್ಗಿಸಿದಳು, ಹಿಗ್ಗಿಸಿದ್ದನ್ನು ಮತ್ತೆ ಹಿಗ್ಗಿಸಿದಳು. ಕಡಲೆಕಾಳಿಗೆ ಹಿಡಿಕೆ ಮೂಡಿತು, ಮೂತಿ ಮೂಡಿತು. "ಯಾ ಅಲ್ಲಾ!" ಎಂದು ಅವಳು ಹಾಳೆ ಮಡಚಿ ಸೆರಗಿನಲ್ಲಿ ಬಚ್ಚಿಟ್ಟಳು.

ನಾಲ್ಕು ಗಂಟೆಗೆ ಗದಗದಿಂದ ತೀರ್ಪುಗಾರರಾದ ದಾನೇಶ್ವರಿ ಮೇಡಂ ಬಂದರು. ನಡೆದದ್ದನ್ನೆಲ್ಲ ಕೇಳಿ, "ಮೂಲ ಇಲ್ಲಂದ್ರ ಚಿತ್ರ ಇಳಿಸಬೇಕಾಗ್ತದಮ್ಮ," ಎಂದರು. ಶ್ವೇತಾಳ ಮುಖ ಕಪ್ಪಿಟ್ಟಿತು. ಚಿತ್ರ ಇಳಿಯಿತೆಂದರೆ ಊರ ಬಾಯಲ್ಲಿ ಅವಳು ಕಳ್ಳಿಯೇ. ಆಮೇಲೆ ಯಾರು ತಮ್ಮ ಮನೆಯ ಮದುವೆಗೆ ಕರೆದಾರು?

"ಮೇಡಮ್ಮಾರ, ಒಂದೀಟು ತಡೀರಿ," ಎಂದು ಉಡಚಮ್ಮ ಎಲ್ಲರನ್ನೂ ಮೇಜಿನ ಸುತ್ತ ಕರೆದಳು.

"ಇದು ಮರುಭೂಮಿ ಉಸುಕಲ್ಲ. ಅದನ್ನ ಗಾಳಿ ಸಾವಿರ ವರ್ಷ ತೂರೈತಿ, ಅದರಾಗ ಧೂಳಿಲ್ಲ, ಕಾಳು ದುಂಡಗ. ಇದು ನಮ್ಮ ಅಂಗಳದ ಎಂ-ಸ್ಯಾಂಡ್, ಕಲ್ಲು ಕುಟ್ಟಿದ್ದು, ಕೈಗೆ ರಾಡಿ ಹಿಡೀತೈತಿ. ಆದ್ರ ಗುಡ್ಡ್ಯಾಗಿನ ಉಸುಕು ದಪ್ಪ, ಇದು ಸಣ್ಣ. ಅಂದ್ರ ಮರುಭೂಮಿದಂಗ ಕಾಣ್ಲಿ ಅಂತ ಯಾರೋ ಸಾಣಿಸ್ಯಾರ. ಯಾತರಲೆ? ಇರುವಿ ಹೇಳಿದ್ವು. ಸಕ್ರಿ ಅಂಟಿದ್ದ ಜರಡಿಲೆ. ಈ ಕಪ್ಪು ಚೂರು ಮೂಸಿ ನೋಡ್ರಿ, ಚಾಪುಡಿ."

ದಾನೇಶ್ವರಿ ಮೇಡಂ ಬೆರಳಿಗೆ ಹಚ್ಚಿ ಮೂಸಿ, ಹೌದೆಂದು ತಲೆಯಾಡಿಸಿದರು.

"ಹೋಟೆಲ್ ಚಾ ಸೋಸೇ ಬರ್ತೈತಿ. ಇಲ್ಲಿ ಚಾ ಕಾಸಾವ್ರು ಒಬ್ಬರ. ಸಿದ್ದೇಶಣ್ಣಾರ, ನಿಮ್ಮ ಚಾ ಸೋಸೂ ಜರಡಿ ಎಲ್ಲೈತ್ರಿ?"

ಸಿದ್ದೇಶ ನಕ್ಕ. "ಅದು ಮರುಭೂಮ್ಯಾಗ ಕಳದೈತಿ, ಹೋದ ತಿಂಗಳ."

ಮೆಹರಾಜಳಿಗೆ ತಡೆಯಲಾಗಲಿಲ್ಲ. "ಸುಳ್ಳ್ಯಾಕ ಹೇಳ್ತೀರಿ? ನಿನ್ನಿ ಸಂಜಿಕ ನನಗ ಸೋಸಿದ ಚಾ ಕೊಟ್ಟೀರಿ. ಇವತ್ತ ಮುಂಜಾನಿ ಬಾಯಿತುಂಬ ಪುಡಿ! ರಾತ್ರ್ಯಾಗ ಜರಡಿ ಎಲ್ಲಿ ಹೋತು?" ಎಂದಳು. ಸೆರಗಿನ ಹಾಳೆ ಬಿಚ್ಚಿ ಮೇಜಿನ ಮೇಲೆ ಹರಡಿದಳು. ಓಡುವವನ ಕೈಯಲ್ಲಿ ಕೆಟಲಿ.

ಆಗ ಶ್ವೇತಾ ಮಾತಾಡಿದಳು. "ಗಾಳಿ ಎದ್ದಾಗ ನಮ್ಮ ಹತ್ರ ಇದ್ದದ್ದು ಒಂದ ತಾಡಪತ್ರಿ. ಕಣ್ಣಿಗೆ ಉಸುಕು ಹೊಕ್ಕು ನಾ 'ಸರ್, ಸರ್' ಅಂತ ಒದರಾಕತ್ತಿದ್ದೆ. ಇವರು ಹೊದ್ಕೊಂಡು, ಕೆಟಲಿ ಹಿಡ್ಕೊಂಡು ಓಡಿದ್ರು. ನನ್ನ ಕಡೆ ತಿರುಗಿ ಸೈತ ನೋಡಲಿಲ್ಲ. ಬಿರುಗಾಳಿ ಎದುರಿಗೆ ನಿಂತಾವನ ಫೋಟೊಗ್ರಾಫರ್ ಅಂತ ಕಲಿಸಿದಾವ್ರು ಇವರ. ಸಿಟ್ಟು ಬಂತು. ನಿಂತೆ, ತಗದೆ, ಹೆಸರಿಟ್ಟೆ."

"ಹೆಸರಿಟ್ಟೆ!" ಸಿದ್ದೇಶ ಸಿಡಿದುಬಿದ್ದ. "ನಿನ್ನಿ ಅದನ್ನ ಗ್ವಾಡಿಗೆ ಹಚ್ಚಿದಾವ ನಾನ. ಮೊಳಿ ಹೊಡದು ಚೀಟಿ ಓದಿದೆ. ಹತ್ತು ವರ್ಷ ವಿದ್ಯಾ ಕೊಟ್ಟಾವ್ಗ ಇದೇನ ಕಾಣಿಕಿ? ಕರುಳು ಸುಟ್ಟಂಗಾತು. ಬರೇ ಕಾರ್ಡ್ ಅಲ್ಲ, ಅಕಿ ಹೆಸರನ್ನ ಹೂಳಬೇಕು ಅನ್ನಿಸ್ತು. ಹೌದು, ಕಾರ್ಡಿನ ಹಲ್ಲಿಗೆ ಉಸುಕು ನಾನ ತಿಕ್ಕೀನಿ! ಮೂಲ ಎಲ್ಲೈತಿ? ತೋರಿಸ್ಲಿ ನೋಡೂಣು!"

ಉಡಚಮ್ಮ ದಾನೇಶ್ವರಿ ಮೇಡಂ ಕಡೆ ತಿರುಗಿದಳು. "ಮೂಲ ಬೇಕಂದ್ರಲ್ಲರಿ. ಇಲ್ಲೇ ನಿಂತೈತಿ ನೋಡ್ರಿ. ನೆಟ್ಟಿನಿಂದ ಕದ್ದ ಚಿತ್ರ ಆಗಿದ್ರ ಇವರ ಕರುಳು ಯಾಕ ಸುಡ್ತಿತ್ತು? ಹೂಳಾಕ ಹೋದಾವ್ರ ಸಾಕ್ಷಿ ಹೇಳ್ಯಾರ."

ತಾನು ಆಡಿದ ಮಾತಿನ ತೂಕ ಸಿದ್ದೇಶನಿಗೆ ಆಗ ತಿಳಿಯಿತು. ದಾನೇಶ್ವರಿ ಮೇಡಂ ಒಂದು ಹಾಳೆ ಮುಂದೆ ತಳ್ಳಿ, "ಈಗ ಹೇಳಿದ್ದನ್ನ ಬರದು ಸಹಿ ಮಾಡ್ರಿ. ಚಿತ್ರ ಗ್ವಾಡಿ ಮ್ಯಾಲೇ ಇರ್ತೈತಿ, ಬಹುಮಾನದ ಸಾಲಿನ್ಯಾಗೂ ಇರ್ತೈತಿ," ಎಂದರು.

"ಹಾಳಿ ಮ್ಯಾಲ ಬ್ಯಾಡ್ರಿ ಮೇಡಂ," ಎಂದಳು ಶ್ವೇತಾ. "ಹಾಳಿ ಫೈಲಿನ್ಯಾಗ ಹೋಗಿ ಕುಂದರ್ತೈತಿ. ಚಿತ್ರದ ಕೆಳಗ ಬರೀಲಿ."

"ಶ್ವೇತಾ... ತಪ್ಪಾತವ್ವ," ಎಂದ ಸಿದ್ದೇಶ. ಅವಳು ಮಾರ್ಕರ್ ಪೆನ್ನಿನ ಮುಚ್ಚಳ ತೆಗೆದು ಅವನ ಕೈಗೆ ಕೊಟ್ಟಳು. ಪಾಪ ಅನ್ನಬೇಕೆಂದು ಮೆಹರಾಜ ತನ್ನ ಮನಸ್ಸನ್ನು ಹುಡುಕಿದಳು, ಸಿಗಲಿಲ್ಲ. ಅವನು ಬರೆದ: ಓಡುತ್ತಿರುವವರು, ಸಿದ್ದೇಶ.

ಶ್ವೇತಾ ಬಗ್ಗಿ ಓದಿದಳು.

"ಅಡ್ಡಹೆಸರು, ಊರು ಎಲ್ಲಾ ಹಾಕ್ರಿ ಸರ್. ಕೊಪ್ಪಳದಾಗ ಸಿದ್ದೇಶ ಭಾಳ ಮಂದಿ ಅದಾರ."